ಜಾಮೀನಿಗೆ ಯಾರು ನಿಲ್ಲುತ್ತಾರೆ?

2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ಫೆಬ್ರವರಿ 2ರಂದು ತೊಂಬಟ್ಟು ಲಕ್ಷ್ಮಿ ಉಡುಪಿಯಲ್ಲೇ ಶರಣಾದರು. ಆಗೆಲ್ಲ ಜನ ಕೇಳಿದ್ದು ಒಂದೇ, ಶರಣಾದವರಿಗೆ ಸರ್ಕಾರ ಕೊಡುವ ಪ್ಯಾಕೇಜ್ ಎಷ್ಟಂತೆ? 7.5 ಲಕ್ಷದವರೆಗೆ, ಅದೂ ಕಂತಿನಲ್ಲಿ. ನನ್ನ ತಲೆಯಲ್ಲಿ ಬೇರೆಯೇ ಪ್ರಶ್ನೆ ಓಡುತ್ತಿತ್ತು. ಇವರಿಗೆ ಜಾಮೀನು ಯಾರು ನಿಲ್ಲುತ್ತಾರೆ?

ನಮ್ಮ ಮನೆಯಲ್ಲಿ ಇದು ನಡೆದುಹೋಗಿದೆ. ನನ್ನ ದೊಡ್ಡಮ್ಮನ ಮಗ, ಹೆಬ್ರಿ ಕಡೆಯವನು. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕಾಗಿ ಕಾಡಿನೊಳಗಿನವರನ್ನು ಒಕ್ಕಲೆಬ್ಬಿಸುತ್ತಾರೆ ಎಂಬ ಗಲಾಟೆಯ ಕಾಲದಲ್ಲಿ ಮನೆ ಬಿಟ್ಟವನು. ಶರಣಾದವನಲ್ಲ, ಸಿಕ್ಕಿಬಿದ್ದವನು. ಹಾಗಾಗಿ ಪ್ಯಾಕೇಜ್ ಗೀಕೇಜ್ ಏನೂ ಇಲ್ಲ.

ಜೈಲಿನಲ್ಲಿ ವರ್ಷಗಳು ಕಳೆದ ಮೇಲೆ ಜಾಮೀನು ಸಿಕ್ಕಿತು. ಆದರೆ ಜಾಮೀನುದಾರರ ಪಹಣಿ ಬೇಕು. ನಮ್ಮ ಜಾಗ ಇನ್ನೂ ಜಂಟಿ ಖಾತೆ. ಚಿಕ್ಕಪ್ಪ ಖಡಾಖಂಡಿತ ಹೇಳಿಬಿಟ್ಟರು: "ಮಗಳಿಗೆ ಗಂಡು ನೋಡ್ತಾ ಇದ್ದೇನೆ. ಕೋರ್ಟಿನಲ್ಲಿ ನನ್ನ ಹೆಸರು ಬೇಡ." ಅವರನ್ನು ಬೈಯುವುದು ಸುಲಭ. ಆದರೆ 2003ರಲ್ಲಿ ಕಾರ್ಕಳದ ಬಳಿಯ ಈದುವಿನಲ್ಲಿ ನಕ್ಸಲರ ಮೇಲೆ ಪೊಲೀಸ್ ಎನ್‌ಕೌಂಟರ್ ಆದ ಮೇಲೆ "ಅವನೆಲ್ಲಿ" ಎಂದು ಕೇಳಿಕೊಂಡು ಬಂದವರಿಗೆಲ್ಲ ಉತ್ತರ ಕೊಟ್ಟದ್ದು ಇದೇ ಚಿಕ್ಕಪ್ಪ. ಕೊನೆಗೆ ತನ್ನ ರಬ್ಬರ್ ತೋಟದ ಪಹಣಿ ಹಿಡಿದು ಬಂದದ್ದು ಭಾವ. ಅವನ ಅಕ್ಕನನ್ನು ಮದುವೆಯಾದಾಗಿನಿಂದ ಈ ಭಾವಮೈದುನನ ಮುಖವನ್ನೇ ಕಂಡಿರದವನು!

ಜೈಲಿನಿಂದ ಬಂದ ಹೊಸತರಲ್ಲಿ ಅವನು ಗಂಜಿಯನ್ನು ಎರಡು ನಿಮಿಷದಲ್ಲಿ ಮುಗಿಸಿ, ಬಟ್ಟಲು ತೊಳೆದು ಕವುಚಿಟ್ಟು, ಜಗಲಿಯ ತುದಿಗೆ ಹೋಗಿ ಕೂರುತ್ತಿದ್ದ. "ಯಾರೂ ಓಡಿಸುವುದಿಲ್ಲ, ಮೆಲ್ಲ ಉಣ್ಣು ಮಾರಾಯ" ಎನ್ನುತ್ತಿದ್ದರು ದೊಡ್ಡಮ್ಮ. ರೇಷನ್ ಕಾರ್ಡಿನ ಯಜಮಾನಿ ಅವರೇ. ಮಗನ ಹೆಸರು ಸೇರಿಸಲು ಅವರ ಬೆರಳಚ್ಚು ಬೇಕಿತ್ತು. ಬೀಡಿ ಕಟ್ಟಿ ಸವೆದ ಹೆಬ್ಬೆರಳು, ಮೆಷಿನ್ ಹಿಡಿಯಲೇ ಇಲ್ಲ. ಒರೆಸಿ, ಒತ್ತಿ, ಬೇರೆ ಬೆರಳು ಇಟ್ಟು ನೋಡಿ, ಅಂತೂ ಮಗ ಮನೆಯ ಲೆಕ್ಕಕ್ಕೆ ಸೇರಿದ.

ಕೊಲಂಬಿಯಾದಲ್ಲಿ ಫಾರ್ಕ್ ಎಂಬ ಬಂಡುಕೋರ ಸಂಘಟನೆಯ ಗೆರಿಲ್ಲಾಗಳನ್ನು ಕಾಡಿನಿಂದ ಹೊರಗೆ ಕರೆಯಲು ಸರ್ಕಾರ ತಾಯಂದಿರನ್ನೇ ಹಿಡಿದುಕೊಂಡಿತ್ತು. ಅವರಿಂದ ಮಕ್ಕಳ ಚಿಕ್ಕಂದಿನ ಫೋಟೋ ತಗೊಂಡು, "ಗೆರಿಲ್ಲಾ ಆಗುವ ಮೊದಲು ನೀನು ನನ್ನ ಮಗು" ಎಂದು ಪೋಸ್ಟರ್ ಹಾಕಿಸಿತು. ಕೂಸಿನ ಮುಖ, ಅದು ತಾನೇ ಎಂದು ಕಾಡಿನಲ್ಲಿದ್ದವರಿಗೆ ಮಾತ್ರ ತಿಳಿಯಬೇಕು. ಒಳ್ಳೆ ಉಪಾಯ, ಅಲ್ವಾ? ಆದರೆ ಕರೆಯಲು ಅಮ್ಮ ಬೇಕಾದರೆ, ಬಂದ ಮೇಲಿನ ಖರ್ಚಿನಲ್ಲೂ ಅಮ್ಮನ ಹೆಸರಿಗೆ ಏನಾದರೂ ಬೇಡವೇ? ನಮ್ಮಲ್ಲೂ ಪ್ಯಾಕೇಜ್ ಬರುವುದು ಶರಣಾದವರ ಹೆಸರಿಗೆ. ಕೋರ್ಟಿನ ವಾಯಿದೆಗೆ ಜೊತೆಯಲ್ಲಿ ಹೋಗಿ ದಿನದ ಕೂಲಿ ಕಳೆದುಕೊಳ್ಳುವವರ ಹೆಸರು ಯಾವ ಪಟ್ಟಿಯಲ್ಲೂ ನಾನು ನೋಡಿಲ್ಲ.

2024ರ ನವೆಂಬರ್‌ನಲ್ಲಿ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ ಸುದ್ದಿ ಬಂದಾಗ, ದೊಡ್ಡಮ್ಮ ತೋಟದಲ್ಲಿದ್ದವನನ್ನು ಕರೆದು ಒಳಗೆ ಕೂರಿಸಿದರು. ವಾರವಿಡೀ ಅಂಗಡಿಗೆ ಹೋಗಲೂ ಬಿಡಲಿಲ್ಲ. ಹಾಲು ತಂದುಕೊಟ್ಟದ್ದು ಅದೇ ಚಿಕ್ಕಪ್ಪ.

ಮುಂದಿನ ವಾಯಿದೆ ಕಾರ್ಕಳದಲ್ಲಿ. ಭಾವನಿಗೆ ರಬ್ಬರ್ ಟ್ಯಾಪಿಂಗ್ ಬಿಟ್ಟು ಬರಲು ಆಗುವುದಿಲ್ಲವಂತೆ. ಈ ಸಲ ಮಂಗಳೂರಿನಿಂದ ನಾನೇ ರಜೆ ಹಾಕಿ ಹೋಗಬೇಕು.