ಎಡಭುಜದ ನೋವು ಎಲ್ಲಿಂದ ಬಂತು?

ಫೈಬ್ರೊಮಯಾಲ್ಜಿಯಾ ಅಂದರೆ ಮೈಯ ಹಲವು ಕಡೆ ನೋವು ತರುವ ದೀರ್ಘಕಾಲದ ಕಾಯಿಲೆ. ಅದರ ಔಷಧಿ ಟ್ರಯಲ್ ನಡೆಯುವ ಸೈಟಿಗೆ (ಆಸ್ಪತ್ರೆಗೆ) ದಾಖಲೆ ತಪಾಸಣೆಗೆಂದು ಸ್ಪಾನ್ಸರ್ (ಟ್ರಯಲ್ ನಡೆಸುವ ಕಂಪನಿ) ಕಡೆಯ ಮಾನಿಟರ್ ಬಂದರೆ ಮಧ್ಯಾಹ್ನದವರೆಗಿನ ಕ್ವೆರಿಗಳೆಲ್ಲ ಮಾಮೂಲಿ. ಸಹಿಯ ಪಕ್ಕ ತಾರೀಕಿಲ್ಲ, ವಾಪಸು ಬಂದ ಕ್ಯಾಪ್ಸೂಲುಗಳಲ್ಲಿ ಒಂದರ ಲೆಕ್ಕ ಸಿಗುತ್ತಿಲ್ಲ, ಟೆಂಪರೇಚರ್ ಲಾಗ್‌ನಲ್ಲಿ ಭಾನುವಾರದ ಸಾಲು ಖಾಲಿ. ಆ ಸಲ ಎಸ್‌ಡಿವಿ (ಮೂಲ ದಾಖಲೆಗಳ ತಾಳೆ) ಮುಗಿಯುತ್ತ ಬಂದಾಗ ಆಕೆ ಒಬ್ಬ ರೋಗಿಯ ಸೋರ್ಸ್ ಫೈಲನ್ನು ಮತ್ತೆ ತೆರೆದರು. ರೋಗಿ ನೋವಿನ ಜಾಗಕ್ಕೆ ಗೀಟೆಳೆಯುವ ಮೈಚಿತ್ರದ ಹಾಳೆಯನ್ನು ಕೋಆರ್ಡಿನೇಟರ್ ಕಡೆ ತಿರುಗಿಸಿಟ್ಟು ಕೇಳಿದ್ದು ಇಷ್ಟೇ: "ಇವರಿಗೆ ಎಡಭುಜ ನೋಯುತ್ತೆ ಅಂತ ಬೇರೆ ಎಲ್ಲಾದರೂ ಬರೆದಿದೆಯಾ ಮೇಡಂ?"

ಎಲ್ಲೂ ಬರೆದಿರಲಿಲ್ಲ. ಓಪಿಡಿ ನೋಟ್ಸಿನಲ್ಲಿ ಬಲಭುಜ, ಫಿಸಿಯೋ ಶೀಟಿನಲ್ಲೂ ಬಲಭುಜ. ಮೈಚಿತ್ರದಲ್ಲಿ ಮಾತ್ರ ಎರಡೂ ಭುಜಕ್ಕೆ ಗೀಟು.

ಆ ಹಾಳೆಯಲ್ಲಿ ಎರಡು ಆಕೃತಿಗಳಿರುತ್ತವೆ, ಒಂದು ಮುಂದಿನಿಂದ ಕಂಡಂತೆ, ಇನ್ನೊಂದು ಹಿಂದಿನಿಂದ. ಮುಂದಿನ ಆಕೃತಿ ನಮಗೆ ಎದುರಾಗಿ ನಿಂತಿರುವುದರಿಂದ ಅದರ ಬಲಭುಜ ಕಾಗದದ ಎಡಗಡೆ ಬರುತ್ತದೆ. ಹಿಂದಿನ ಆಕೃತಿಯ ಬಲಭುಜ ಬಲಗಡೆಯೇ ಇರುತ್ತದೆ. ಬಲಭುಜ ನೋಯುವವರು ಎರಡರಲ್ಲೂ ಕಾಗದದ ಬಲಕ್ಕೇ ಗೀಟೆಳೆದರೆ ಒಂದೇ ಭುಜ ಎರಡಾಗಿ ಎಣಿಕೆಗೆ ಸಿಗುತ್ತದೆ. ಎಡಬಲ ಪೂರ್ತಿ ಅದಲುಬದಲಾದರೆ ಮೊತ್ತಕ್ಕೆ ಧಕ್ಕೆಯಿಲ್ಲ, ಅರ್ಧ ಅದಲುಬದಲಾದಾಗಲೇ ಲೆಕ್ಕ ಕೆಡುವುದು.

ಈ ಪ್ರಕರಣದಲ್ಲಿ ಲೆಕ್ಕ ನಿಂತಿದ್ದೇ ಆ ಒಂದು ಭುಜದ ಮೇಲೆ. ಕಾಯಿಲೆ ಗುರುತಿಸುವ 2016ರ ಮಾನದಂಡದ ಪ್ರಕಾರ ಡಬ್ಲ್ಯುಪಿಐ (19 ಜಾಗಗಳಲ್ಲಿ ಎಷ್ಟು ನೋಯುತ್ತವೆ ಎಂಬ ಎಣಿಕೆ) 7 ಅಥವಾ ಹೆಚ್ಚಿದ್ದರೆ ಎಸ್‌ಎಸ್‌ಎಸ್ (ಆಯಾಸ, ನಿದ್ದೆ, ಮಂಕು ಮುಂತಾದ ಲಕ್ಷಣಗಳ ಅಂಕ) 5 ಇದ್ದರೆ ಸಾಕು. ಡಬ್ಲ್ಯುಪಿಐ 4ರಿಂದ 6ರೊಳಗಿದ್ದರೆ ಎಸ್‌ಎಸ್‌ಎಸ್ 9 ಮುಟ್ಟಲೇಬೇಕು. ಇದರ ಜೊತೆಗೆ ಐದು ವಲಯಗಳಲ್ಲಿ (ಮೇಲಿನ ಎಡ, ಮೇಲಿನ ಬಲ, ಕೆಳಗಿನ ಎಡ, ಕೆಳಗಿನ ಬಲ, ಕುತ್ತಿಗೆ-ಬೆನ್ನಿನ ನಡುಭಾಗ) ಕನಿಷ್ಠ ನಾಲ್ಕರಲ್ಲಿ ನೋವಿರಬೇಕು, ಲಕ್ಷಣಗಳು ಮೂರು ತಿಂಗಳಿಂದ ಇರಬೇಕು. ಕುತ್ತಿಗೆ, ಮೇಲ್ಬೆನ್ನು, ಕೆಳಬೆನ್ನು, ಬಲಭುಜ, ಬಲಪೃಷ್ಠ, ಬಲತೊಡೆ, ಇದಿಷ್ಟು ನಿಜವಾದ ನೋವು. ಬೆನ್ನು, ಪೃಷ್ಠ, ತೊಡೆಗೆ ಗುರುತು ಬಿದ್ದದ್ದು ಹಿಂಬದಿಯ ಚಿತ್ರದಲ್ಲಷ್ಟೇ, ಹಾಗಾಗಿ ಅವು ಸರಿಯಾಗಿಯೇ ಬಂದಿದ್ದವು. ಇಲ್ಲದ ಎಡಭುಜ ಸೇರಿ ಡಬ್ಲ್ಯುಪಿಐ 7, ವಲಯ 4 ಆಗಿತ್ತು. ತೆಗೆದರೆ 6 ಮತ್ತು 3. ಎಸ್‌ಎಸ್‌ಎಸ್ 8. ಎರಡು ಬಾಗಿಲೂ ಮುಚ್ಚಿದವು, ಆದರೆ ಆ ಹೊತ್ತಿಗೆ ಅವರು ರಾಂಡಮೈಸ್ ಆಗಿ (ಚೀಟಿ ಎತ್ತಿದಂತೆ ಒಂದು ಗುಂಪಿಗೆ ಸೇರಿ) ಕ್ಯಾಪ್ಸೂಲ್ ನುಂಗುತ್ತಿದ್ದರು.

ಮುಂದಿನ ಕೆಲವು ನಿಮಿಷ ರೂಮಿನಲ್ಲಿ ಫ್ಯಾನಿನ ಸದ್ದೊಂದೇ. ಪಿಐ, ಅಂದರೆ ಸೈಟಿನಲ್ಲಿ ಟ್ರಯಲ್‌ನ ಹೊಣೆ ಹೊತ್ತ ಡಾಕ್ಟರ್, ಓಪಿಡಿಯಲ್ಲಿ, ಫೋನು ಸೈಲೆಂಟು. ಇಂಥ ಹೊತ್ತಿನಲ್ಲಿ ಯಾರಾದರೂ ಒಬ್ಬರ ಬಾಯಿಂದ ಬಂದೇ ಬರುವ ಸಲಹೆ ಅವತ್ತೂ ಬಂತು: "ಪೇಷಂಟಿಗೆ ಫೋನ್ ಮಾಡಿ ಎಡಭುಜ ನೋಯುತ್ತಾ ಅಂತ ಕೇಳಿಬಿಡೋಣ." ಕೇಳಲು ಸಲೀಸು, ಆದರೆ ಕೆಲಸಕ್ಕೆ ಬಾರದ ಸಲಹೆ. ಪ್ರಶ್ನೆ ಇದ್ದದ್ದು ಸ್ಕ್ರೀನಿಂಗಿನ ಹಿಂದಿನ ಒಂದು ವಾರದ ಬಗ್ಗೆ. ಇವತ್ತಿನ ಉತ್ತರವನ್ನು ಅವತ್ತಿನ ಹಾಳೆಗೆ ಹಚ್ಚಿದರೆ ಅದು ತಿದ್ದುಪಡಿ ಅಲ್ಲ, ಹೊಸ ದಾಖಲೆ ಹುಟ್ಟಿಸಿದಂತೆ. ಅದೂ ಮಾನಿಟರ್ ಎದುರಿಗೇ.

ಮಾಡಬೇಕಾದ ಕ್ರಮ ಬೇರೆ. ಮೂಲ ಗೀಟುಗಳನ್ನು ಮುಟ್ಟಬಾರದು. ಎಣಿಕೆಯ ಮೇಲೆ ಒಂದೇ ಅಡ್ಡಗೆರೆ, ಪಕ್ಕದಲ್ಲಿ ಸರಿಯಾದ ಅಂಕಿ, ಕಾರಣ, ಸಹಿ, ಇವತ್ತಿನ ತಾರೀಕು. ಪಿಐ ಮೆಡಿಕಲ್ ಮಾನಿಟರ್ ಜೊತೆ ಮಾತಾಡಿ, ಔಷಧಿ ಮುಂದುವರಿಸುವುದು ಸುರಕ್ಷಿತವೇ ಎಂಬುದನ್ನು ನಿರ್ಧರಿಸಿ ಬರೆದಿಡಬೇಕು. ಎಲಿಜಿಬಿಲಿಟಿ ಡೀವಿಯೇಷನ್ (ಅರ್ಹತೆಯ ನಿಯಮ ತಪ್ಪಿದ್ದು) ಎಂದು ಸ್ಪಾನ್ಸರಿಗೂ ಎಥಿಕ್ಸ್ ಕಮಿಟಿಗೂ ತಿಳಿಸಬೇಕು. ರಾಂಡಮೈಸ್ ಆದವರನ್ನು ಆಗಿಲ್ಲ ಎನ್ನಲು ಬರುವುದಿಲ್ಲ. ರಾಂಡಮೈಸ್ ಆದ ಎಲ್ಲರನ್ನೂ ಎಣಿಸುವ ಐಟಿಟಿ ಲೆಕ್ಕದಲ್ಲಿ ಅವರು ಉಳಿಯುತ್ತಾರೆ, ನಿಯಮ ಪಾಲಿಸಿದವರನ್ನಷ್ಟೇ ಎಣಿಸುವ ಪರ್-ಪ್ರೊಟೊಕಾಲ್‌ನಿಂದ ಹೊರಗೆ ಹೋಗುತ್ತಾರೆ, ಅಷ್ಟೇ.

ಕಾಪಾ (ತಪ್ಪು ಸರಿಪಡಿಸಿ, ಮತ್ತೆ ಆಗದಂತೆ ತಡೆಯುವ ಕ್ರಮ) ಅಂತ ಮೇಲಿನಿಂದ ಬಂದದ್ದು ಎಂದಿನಂತೆ ರೀಟ್ರೈನಿಂಗ್: ಒಂದು ಪವರ್‌ಪಾಯಿಂಟು, ಟ್ರೈನಿಂಗ್ ಲಾಗ್‌ನಲ್ಲಿ ಎಲ್ಲರ ಸಹಿ. ಚಿತ್ರ ಹಾಗೇ ಉಳಿಯಿತು. ಚಿತ್ರ ಬದಲಿಸಲು ಆರು ದೇಶಗಳ ಅನುಮತಿ ಬೇಕಂತೆ.

ಹಾಗಾಗಿ ಸೈಟಿನ ಮಟ್ಟದಲ್ಲೇ ಆಗುವಂಥದ್ದನ್ನು ಮಾಡಬೇಕು. ಚಿತ್ರ ಕೈಗೆ ಕೊಡುವ ಮೊದಲು ರೋಗಿ ಎದ್ದು ನಿಂತು, ತಮ್ಮ ಮೈಮೇಲೆ ತಮ್ಮದೇ ಕೈಯಿಟ್ಟು ತೋರಿಸಲಿ. ಕೋಆರ್ಡಿನೇಟರ್ 19 ಜಾಗಗಳ ಪಟ್ಟಿಯನ್ನು ಒಂದೊಂದಾಗಿ ಓದಿ ಹೌದು-ಇಲ್ಲ ಬರೆದುಕೊಳ್ಳಲಿ. ಸೊಂಟ ನೋವು ಎಂದವರು ಕೆಳಬೆನ್ನು ತೋರಿಸುತ್ತಾರೋ ಪೃಷ್ಠ ತೋರಿಸುತ್ತಾರೋ ಆಗಲೇ ಗೊತ್ತಾಗುವುದು, ಎರಡೂ ಬೇರೆ ಬೇರೆ ವಲಯ. ಚಿತ್ರ ಆಮೇಲೆ ಬರಲಿ, ಪಟ್ಟಿಗೂ ಚಿತ್ರಕ್ಕೂ ತಾಳೆಯಾಗದಿದ್ದರೆ ರೋಗಿ ಎದುರಿಗಿರುವಾಗಲೇ ಕೇಳಿ ಬರೆಯಬೇಕು. ದವಡೆ, ಎದೆ, ಹೊಟ್ಟೆ ಡಬ್ಲ್ಯುಪಿಐಗೆ ಸೇರುತ್ತವೆ, ನಾಲ್ಕು ವಲಯದ ಲೆಕ್ಕಕ್ಕೆ ಸೇರುವುದಿಲ್ಲ. ಇದರಲ್ಲಿ ಗೊಂದಲ ಮಾಡಿಕೊಂಡು ಎರಡರಿಂದಲೂ ಬಿಡುವವರು, ಎರಡಕ್ಕೂ ಸೇರಿಸುವವರು ಪ್ರತಿ ಸೈಟಿನಲ್ಲೂ ಸಿಗುತ್ತಾರೆ.

"ಹಳೆಯ ಪದ್ಧತಿಯೇ ಚೆನ್ನಾಗಿತ್ತು, ಒತ್ತಿ ನೋಡಿದರೆ ಮುಗೀತು" ಎನ್ನುವ ಹಿರಿಯ ಡಾಕ್ಟರುಗಳಿದ್ದಾರೆ. 1990ರ ಎಸಿಆರ್ (ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ) ಮಾನದಂಡದಲ್ಲಿ 18 ಬಿಂದುಗಳಲ್ಲಿ 11 ನೋಯಬೇಕಿತ್ತು, ಒತ್ತಡ 4 ಕಿಲೊ. ಹೆಬ್ಬೆರಳಿನ ಉಗುರು ಬೆಳ್ಳಗಾದರೆ 4 ಕಿಲೊ ಎಂಬ ಅಂದಾಜು ಒಬ್ಬೊಬ್ಬ ಡಾಕ್ಟರ ಕೈಯಲ್ಲಿ ಒಂದೊಂದು ಥರ. ಒತ್ತಡ ಅಳೆಯುವ ಅಲ್ಗೊಮೀಟರ್ ಕೊಟ್ಟರೂ ಸೆಕೆಂಡಿಗೆ 1 ಕಿಲೊದಂತೆ ಏರಿಸುವ ತಾಳ್ಮೆ ಬೇಕು. ಗಬಕ್ಕನೆ ಒತ್ತಿದರೆ ಆರೋಗ್ಯವಂತರೂ ಅಯ್ಯೋ ಎನ್ನುತ್ತಾರೆ. 1 ಚದರ ಸೆಂಟಿಮೀಟರಿನ ರಬ್ಬರ್ ತುದಿ ಸವೆದಿದ್ದರೆ, ಓರೆಯಾಗಿ ಹಿಡಿದರೆ ಓದಿಕೆ ಸುಳ್ಳಾಗುತ್ತದೆ. ಮೇಲಾಗಿ ನಿದ್ದೆ, ಆಯಾಸ, ಮಂಕು ಇವಕ್ಕೆ ಆ ಮಾನದಂಡದಲ್ಲಿ ಜಾಗವೇ ಇರಲಿಲ್ಲ. ಹೋದದ್ದು ಒಳ್ಳೆಯದೇ ಆಯಿತು.

ಫೈಬ್ರೊಮಯಾಲ್ಜಿಯಾವನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ, ಇರುವವು ಬೇರೆ ಕಾರಣ ಹುಡುಕುವ ಪರೀಕ್ಷೆಗಳು: ಸಿಬಿಸಿ, ಇಎಸ್‌ಆರ್, ಸಿಆರ್‌ಪಿ, ಟಿಎಸ್‌ಎಚ್, ಸಿಕೆ. ಸ್ನಾಯುನೋವು ತರಬಲ್ಲ ಕೊಲೆಸ್ಟರಾಲ್ ಮಾತ್ರೆ ಸ್ಟ್ಯಾಟಿನ್ ತಗೊಳ್ಳುತ್ತಾರಾ ಎಂದು ಕೇಳಲೇಬೇಕು. ಲೂಪಸ್‌ನಂಥ ಕಾಯಿಲೆ ಹುಡುಕುವ ಎಎನ್‌ಎ ಪರೀಕ್ಷೆಯನ್ನು ಸುಮ್ಮನೆ ಬರೆಯಬಾರದು. ರಕ್ತದ ಸೀರಮ್ಮನ್ನು 1:40ಕ್ಕೆ ತೆಳುಮಾಡಿ ನೋಡಿದರೆ ಆರೋಗ್ಯವಂತರಲ್ಲೇ ಸುಮಾರು 100ಕ್ಕೆ 30 ಮಂದಿಗೆ ಪಾಸಿಟಿವ್ ಬರುತ್ತದೆ. ಆ ಕಾಗದ ಹಿಡಿದು ಲೂಪಸ್ ಭಯದಲ್ಲಿ ಮೂರು ಆಸ್ಪತ್ರೆ ಸುತ್ತುವವರು ರೋಗಿಗಳು. ನಮ್ಮ ಕಡೆ ಇನ್ನೊಂದು ಪ್ರಶ್ನೆ ತಪ್ಪಿಸಬಾರದು: ಚಿಕುನ್‌ಗುನ್ಯಾ ಆಗಿತ್ತಾ? 2006ರಲ್ಲಿ ಕರ್ನಾಟಕದಲ್ಲಿ ಲಕ್ಷಾಂತರ ಮಂದಿಯನ್ನು ಹಿಡಿದ ಆ ಜ್ವರ ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೀಲುನೋವು ಬಿಟ್ಟುಹೋಗುತ್ತದೆ. ಬೆಳಗ್ಗೆ ಕೈಗಂಟು ಊದಿದೆ ಎಂದರೆ ಮೊದಲು ಗಂಟು ಮುಟ್ಟಿ ನೋಡಬೇಕು, ಪ್ರಶ್ನಾವಳಿ ಆಮೇಲೆ. ಇನ್ನೊಂದು ಕಾಯಿಲೆ ಇದ್ದರೆ ಫೈಬ್ರೊಮಯಾಲ್ಜಿಯಾ ಇಲ್ಲ ಎಂದೇನೂ ಅಲ್ಲ, 2016ರ ಮಾನದಂಡ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೆ ಟ್ರಯಲ್ ಪ್ರೊಟೊಕಾಲ್‌ಗಳು ಸಾಮಾನ್ಯವಾಗಿ ಅಂಥವರನ್ನು ಹೊರಗಿಡುತ್ತವೆ.

ಎಫ್‌ಐಕ್ಯುಆರ್ (ಕಾಯಿಲೆ ದಿನದ ಬದುಕನ್ನು ಎಷ್ಟು ಕಾಡುತ್ತಿದೆ ಎಂದು ಕೇಳುವ ಪ್ರಶ್ನಾವಳಿ) ಕಥೆ ಬೇರೆಯೇ. 21 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 10, ಕಳೆದ 7 ದಿನದ ಲೆಕ್ಕ. ಮೊದಲ 9 ಕೆಲಸಕಾರ್ಯದವು, ಮೊತ್ತವನ್ನು 3ರಿಂದ ಭಾಗಿಸಬೇಕು. ಆಮೇಲಿನ 2 ಹಾಗೇ. ಕೊನೆಯ 10 ಲಕ್ಷಣಗಳವು, 2ರಿಂದ ಭಾಗ. ಗರಿಷ್ಠ 30, 20, 50, ಒಟ್ಟು 100. ಕಾಗದದ ಫಾರ್ಮ್ ಇರುವ ಕಡೆ ಭಾಗಿಸುವುದನ್ನೇ ಮರೆತು 100 ದಾಟಿದ ಸ್ಕೋರ್ ಕಳಿಸಿದ್ದೂ ಉಂಟು. 100 ದಾಟಿದರೆ ಸಿಸ್ಟಮ್ ಹಿಡಿಯುತ್ತದೆ, ಭಾಗಿಸದೆ 60 ಬಂದರೆ ಯಾರೂ ಹಿಡಿಯುವುದಿಲ್ಲ. ಇನ್ನೊಂದು ಕಡೆ ತೂತು: ಅಡುಗೆ, ಗುಡಿಸುವುದು, ಹಾಸಿಗೆಯ ಶೀಟ್ ಬದಲಿಸುವುದು ಇತ್ಯಾದಿ ಕೆಲಸಗಳನ್ನು ಗಂಡಸರು, ಮನೆಗೆಲಸದವರಿರುವ ಮನೆಯವರು ಖಾಲಿ ಬಿಡುತ್ತಾರೆ. ವಾರದಲ್ಲಿ ಮಾಡದಿದ್ದರೆ ಕೊನೆಯ ಸಲ ಮಾಡಿದಾಗ ಎಷ್ಟು ಕಷ್ಟವಾಯಿತು ಎಂದು, ಮಾಡಲು ಆಗುವುದೇ ಇಲ್ಲ ಎನ್ನುವವರು ಕೊನೆಯ ಚೌಕ ಎಂದು ಫಾರ್ಮಿನಲ್ಲೇ ಸೂಚನೆ ಇದೆ. ಅದನ್ನು ಓದಿ ಹೇಳುವುದು ಕೋಆರ್ಡಿನೇಟರ್ ಕೆಲಸ, ಉತ್ತರ ಹೇಳಿಕೊಡುವುದು ಯಾರ ಕೆಲಸವೂ ಅಲ್ಲ. "ಅಮ್ಮನಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ, 9 ಹಾಕಿ" ಎನ್ನುವ ಮಗನನ್ನು ಕಾಫಿಗೆ ಕಳಿಸಿ ಬಾಗಿಲು ಹಾಕಿಕೊಳ್ಳಿ.

ಇಡೀ ಟ್ರಯಲ್ ಕೆಡುವುದಾದರೆ ಹೆಚ್ಚಾಗಿ ಔಷಧಿ ಶುರುವಾಗುವ ಮೊದಲಿನ ಬೇಸ್‌ಲೈನ್ ವಾರದಲ್ಲಿ. ದಿನಾ ಸಂಜೆ ಈ-ಡೈರಿಯಲ್ಲಿ 0-10 ನೋವಿನ ಅಂಕಿ, ವಾರದ ಸರಾಸರಿ 4 ಅಥವಾ ಹೆಚ್ಚಿರಬೇಕು ಎಂಬುದು ಸಾಮಾನ್ಯ ಷರತ್ತು. ಎನ್‌ರೋಲ್‌ಮೆಂಟ್ ಟಾರ್ಗೆಟ್ ಹಿಂದೆ ಬಿದ್ದಿದೆ ಎಂದು ಮೇಲಿನಿಂದ ದಿನಾ ಮೇಲ್ ಬರುತ್ತಿದ್ದರೆ ಆ 4 ಎಂಬ ಅಂಕಿ ಹೇಗೋ ರೋಗಿಯ ಕಿವಿಗೂ ಬೀಳುತ್ತದೆ, ಎಲ್ಲರಿಗೂ 4.3, 4.6 ಬರತೊಡಗುತ್ತದೆ. ರಾಂಡಮೈಸ್ ಆದ ಮೇಲೆ ಉಬ್ಬಿಸುವ ಕಾರಣ ಹೋಗಿ ಅಂಕಿ ಇಳಿಯುತ್ತದೆ, ಎರಡೂ ಆರ್ಮ್‌ಗಳಲ್ಲಿ (ಔಷಧಿಯ ಗುಂಪು, ಪ್ಲಸೀಬೊ ಎಂಬ ಹುಸಿಮಾತ್ರೆಯ ಗುಂಪು). ಅದರ ಜೊತೆಗೆ, ನೋವು ಜೋರಿದ್ದಾಗಲೇ ಜನ ಆಸ್ಪತ್ರೆಗೆ ಬರುವುದು, ತಾನಾಗಿಯೇ ಸ್ವಲ್ಪ ತಗ್ಗುವುದೂ ಇದೆ. ಪ್ಲಸೀಬೊ ಆರ್ಮ್ ಚೆನ್ನಾಗಿ ಓಡಿತು ಎಂದು ಆಮೇಲೆ ಸ್ಪಾನ್ಸರ್ ತಲೆ ಕೆಡಿಸಿಕೊಳ್ಳುತ್ತಾರೆ. ಅರ್ಹತೆಯ ಗೆರೆ ಎಲ್ಲಿದೆ ಎಂದು ಡೈರಿ ಕೊಡುವ ಕೋಆರ್ಡಿನೇಟರಿಗೇ ಗೊತ್ತಿಲ್ಲದಂತೆ ಪ್ರೊಟೊಕಾಲ್ ಬರೆಯುವುದು ಸಾಧ್ಯ, ಬರೆಯುವವರು ಕಡಿಮೆ. ಹಾಗೆಯೇ ತಪ್ಪಿದ ದಿನವನ್ನು ಮರುದಿನ ತುಂಬಲು ಡೈರಿ ಬಿಡಬಾರದು. ನಮ್ಮ ವೆಂಡರಿನ ಆ್ಯಪ್ ನೆಟ್‌ವರ್ಕ್ ಇಲ್ಲದ ಕಡೆ ಉಳಿಸಿಕೊಳ್ಳುವುದೇ ಇಲ್ಲ, ಅದು ಇನ್ನೊಂದು ಗೋಳು.

ವಾಷ್‌ಔಟ್ (ಟ್ರಯಲ್‌ಗೆ ಮೊದಲು ಹಳೆಯ ಔಷಧಿ ನಿಲ್ಲಿಸುವುದು) ಕೇಳುವಾಗ ಔಷಧಿಯ ಹೆಸರು ಕೇಳಿದರೆ ಪ್ರಯೋಜನ ಕಡಿಮೆ, ಸ್ಟ್ರಿಪ್‌ಗಳ ಚೀಲವನ್ನೇ ತರಿಸಬೇಕು. ಮೆಡಿಕಲ್ ಶಾಪಿನ ನೋವಿನ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಇರಬಹುದು. ಡುಲೊಕ್ಸೆಟಿನ್ ಆರ್ಮ್ ಇರುವ ಟ್ರಯಲ್‌ನಲ್ಲಿ ಅದು ಬರೀ ಡೀವಿಯೇಷನ್ ಅಲ್ಲ, ಎರಡೂ ಸೇರಿ ಮೈಯಲ್ಲಿ ಸೆರೊಟೋನಿನ್ ಅತಿಯಾಗುವ ಸೆರೊಟೋನಿನ್ ಸಿಂಡ್ರೋಮಿನ ಅಪಾಯ.

ಔಷಧಿಗಳ ವಿಷಯದಲ್ಲಿ ನಿರೀಕ್ಷೆ ತಗ್ಗಿಸಿಕೊಂಡೇ ಮಾತಾಡಬೇಕು. ಅಮೆರಿಕದ ಎಫ್‌ಡಿಎ 2007ರಲ್ಲಿ ಪ್ರಿಗಾಬಲಿನ್, 2008ರಲ್ಲಿ ಡುಲೊಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್ ಒಪ್ಪಿತು. ಯುರೋಪಿನ ನಿಯಂತ್ರಕರು ಫೈಬ್ರೊಮಯಾಲ್ಜಿಯಾಗೆ ಈ ಮೂರನ್ನೂ ಒಪ್ಪಲಿಲ್ಲ. ಪ್ರಿಗಾಬಲಿನ್ ದಿನಕ್ಕೆ 300ರಿಂದ 450 ಮಿಗ್ರಾಂ ಕೊಟ್ಟರೆ ಪ್ಲಸೀಬೊಗಿಂತ 100ಕ್ಕೆ ಸುಮಾರು 10 ಮಂದಿಗೆ ಹೆಚ್ಚುವರಿ ಉಪಯೋಗ, ಅಷ್ಟೇ. ತಲೆಸುತ್ತು, ಮಂಪರು, ಕಾಲೂತ, ತೂಕ ಇದರ ಬೆಲೆ. ಅದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಕ್ರಿಯಾಟಿನಿನ್ ಕ್ಲಿಯರೆನ್ಸ್ 60ಕ್ಕಿಂತ ಕೆಳಗಿದ್ದರೆ ಡೋಸ್ ಇಳಿಸಬೇಕು, ನಿಲ್ಲಿಸುವಾಗ ಕನಿಷ್ಠ ಒಂದು ವಾರ ಎಳೆಯಬೇಕು. 2025ರ ಆಗಸ್ಟಿನಲ್ಲಿ ನಾಲಿಗೆಯಡಿ ಇಡುವ ಸೈಕ್ಲೊಬೆಂಜಾಪ್ರಿನ್‌ಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಮಲಗುವಾಗ ಮೊದಲ 14 ದಿನ 2.8 ಮಿಗ್ರಾಂ, ಆಮೇಲೆ 5.6. 5.6 ಮಿಗ್ರಾಂ ಡೋಸಿನ ಮೂರು ದೊಡ್ಡ ಟ್ರಯಲ್‌ಗಳಲ್ಲಿ ಎರಡು ಗೆದ್ದವು, ಒಂದು ಸೋತಿತು. ಆ ಮಾತ್ರೆಯಿಂದ ಕೆಲವರಿಗೆ ಬಾಯಿ ಮರಗಟ್ಟುತ್ತದೆ. ಬಾಯಿ ಮರಗಟ್ಟಿದವರಿಗೂ ತಲೆ ಸುತ್ತಿದವರಿಗೂ ತಾವು ಯಾವ ಆರ್ಮ್‌ನಲ್ಲಿದ್ದೇವೆ ಎಂದು ಯಾರೂ ಹೇಳಬೇಕಿಲ್ಲ. ಅದಕ್ಕೇ ಅಡ್ಡಪರಿಣಾಮ ಬರೆಯುವವರು ಒಬ್ಬರು, ನೋವಿನ ಸ್ಕೋರ್ ತೆಗೆಯುವವರು ಇನ್ನೊಬ್ಬರು ಇರಬೇಕು. ಸಂಬಳ ಒಬ್ಬರಿಗೇ ಮಂಜೂರಾದ ಸೈಟುಗಳಲ್ಲಿ ಇದು ಕಾಗದದ ಮೇಲೆ ಮಾತ್ರ.

ವ್ಯಸನ ಬಿಡಿಸಲು ಬಳಸುವ ನಾಲ್ಟ್ರೆಕ್ಸೋನ್ ಅನ್ನು ಕಡಿಮೆ ಡೋಸಿನಲ್ಲಿ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. 31 ಹೆಂಗಸರ ಅಮೆರಿಕದ ಚಿಕ್ಕ ಅಧ್ಯಯನ ಆಸೆ ಹುಟ್ಟಿಸಿತ್ತು. ಡೆನ್ಮಾರ್ಕಿನಲ್ಲಿ 99 ಹೆಂಗಸರಿಗೆ 6 ಮಿಗ್ರಾಂ, 12 ವಾರ ಕೊಟ್ಟು ನೋಡಿದಾಗ ನೋವಿನಲ್ಲಿ ಪ್ಲಸೀಬೊವನ್ನು ಮೀರಲಿಲ್ಲ. 2017ರ ಯುಲಾರ್ (ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ) ಶಿಫಾರಸಿನಲ್ಲಿ ಬಲವಾದ ಒಪ್ಪಿಗೆ ಸಿಕ್ಕಿದ್ದು ವ್ಯಾಯಾಮಕ್ಕೆ ಮಾತ್ರ. ಅದನ್ನು ಕೊಡುವ ರೀತಿಯಲ್ಲೇ ಕೆಡಿಸುತ್ತಾರೆ: ಮೊದಲ ದಿನವೇ ಅರ್ಧ ಗಂಟೆ ನಡೆಸಿ, ಎರಡು ದಿನ ಮೈ ಹಿಡಿದುಕೊಂಡು, ಮೂರನೇ ದಿನ ರೋಗಿ ನಾಪತ್ತೆ. 5-10 ನಿಮಿಷದಿಂದ ಶುರುಮಾಡಿ ವಾರಕ್ಕೊಂದಿಷ್ಟೇ ಏರಿಸಿದರೆ ಉಳಿಯುತ್ತಾರೆ.

ಇಷ್ಟೆಲ್ಲ ಆದ ಮೇಲೂ "ರೋಗಿ ಹೇಳಿದ್ದನ್ನೇ ನಂಬೋದಾ, ಮೈಯಲ್ಲಿ ಏನಾದರೂ ಕಾಣಿಸಲ್ವಾ?" ಎನ್ನುವವರಿಗೆ ತೋರಿಸಲು ಈಗ ಸಾಕಷ್ಟಿದೆ. 2002ರಲ್ಲಿ ಗ್ರೇಸ್ಲಿ ತಂಡ ಹೆಬ್ಬೆರಳ ಉಗುರು ಒತ್ತುತ್ತ ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ತೆಗೆದಾಗ, ಆರೋಗ್ಯವಂತರಲ್ಲಿ ಜೋರಾಗಿ ಒತ್ತಿದರೆ ಬೆಳಗುವ ಭಾಗಗಳು ರೋಗಿಗಳಲ್ಲಿ ಮೆಲ್ಲಗೆ ಒತ್ತಿದರೇ ಬೆಳಗಿದವು. 2021ರಲ್ಲಿ ಲಂಡನ್, ಲಿವರ್‌ಪೂಲ್, ಸ್ಟಾಕ್‌ಹೋಮ್ ತಂಡಗಳು ರೋಗಿಗಳ ಐಜಿಜಿ ಪ್ರತಿಕಾಯವನ್ನು ಇಲಿಗಳಿಗೆ ಚುಚ್ಚಿದಾಗ ಇಲಿಗಳೂ ಒತ್ತಡಕ್ಕೆ, ಚಳಿಗೆ ಬೆಚ್ಚತೊಡಗಿದವು. ಚರ್ಮದ ಬಯಾಪ್ಸಿಯಲ್ಲಿ ಸಣ್ಣ ನರತಂತುಗಳು ಕಡಿಮೆಯಾಗಿರುವುದು 2013ರ ಬಾಸ್ಟನ್ ಅಧ್ಯಯನದಲ್ಲಿ 100ಕ್ಕೆ 41 ರೋಗಿಗಳಲ್ಲಿ ಕಂಡಿತು. ಉಳಿದವರಲ್ಲಿ ಕಾಣಲಿಲ್ಲ ಎಂಬುದನ್ನೂ ನೆನಪಿಡಬೇಕು. ಬಯಾಪ್ಸಿ ನಾರ್ಮಲ್ ಬಂದವರ ನೋವು ಸುಳ್ಳಲ್ಲ.

ಬಯಾಪ್ಸಿ ಇರುವ ಪ್ರೊಟೊಕಾಲ್ ಬಂದರೆ ಒಂದು ಎಚ್ಚರಿಕೆ. ಕಣಕಾಲಿನ ಹೊರಗಡೆಯ ಮೂಳೆಗಂಟಿನಿಂದ 10 ಸೆಂ.ಮೀ. ಮೇಲೆ 3 ಮಿ.ಮೀ. ಪಂಚ್ (ಚರ್ಮದ ತುಣುಕು ಕೊರೆದು ತೆಗೆಯುವುದು). ತುಣುಕು ಹೋಗಬೇಕಾದ್ದು ತುಣುಕು ಕೆಡದಂತೆ ಇಡುವ ಪಿಎಲ್‌ಪಿ ಅಥವಾ ಜಾಂಬೋನಿ ದ್ರಾವಣಕ್ಕೆ, 4 ಡಿಗ್ರಿಯಲ್ಲಿ. ಆಮೇಲೆ 50 ಮೈಕ್ರಾನ್ ಸೆಕ್ಷನ್, ನರತಂತು ಎದ್ದು ಕಾಣಿಸುವ ಪಿಜಿಪಿ 9.5 ಬಣ್ಣ. ಫಾರ್ಮಲಿನ್‌ಗೆ ಬಿದ್ದರೆ ನರತಂತು ತುಂಡುತುಂಡಾಗಿ ಕಂಡು ಎಣಿಕೆ ಕೈಬಿಡಬೇಕಾಗುತ್ತದೆ, ರೋಗಿಗೆ ಇನ್ನೊಮ್ಮೆ ಚುಚ್ಚು. ಮೈನರ್ ಓಟಿಯ ಸಿಸ್ಟರ್‌ಗಳ ಕೈ ಅಭ್ಯಾಸಬಲದಿಂದ ಫಾರ್ಮಲಿನ್ ಕಡೆಗೇ ಹೋಗುತ್ತದೆ, ಲೇಬಲ್ ಎಷ್ಟು ದೊಡ್ಡದಾಗಿ ಅಂಟಿಸಿದರೂ. ಪಂಚ್ ಶುರುವಾಗುವ ಮೊದಲೇ ಆ ಬಾಟಲಿಯನ್ನು ಟ್ರೇಯಿಂದ ತೆಗೆಸಿಬಿಡಿ.