ಹಗ್ಗದ ಇನ್ನೊಂದು ತುದಿ

ಮೀನುಗಾರಿಕಾ ದೋಣಿಗಳ ಯಂತ್ರಗಳ ಬಳಕೆ ಮತ್ತು ದುರಸ್ತಿಯ ಕೈಪಿಡಿಗಳಿಗೆ ರೇಖಾಚಿತ್ರ ಬರೆಯುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಹಗ್ಗ ಸುತ್ತಿ ಬಲೆ ಎಳೆಯುವ ವಿಂಚ್ ಎಂಬ ಯಂತ್ರದ ಚಿತ್ರವೊಂದನ್ನು ಬರೀ ಫೋಟೋ ನೋಡಿಕೊಂಡು ಬರೆದೆ. ಅದನ್ನು ಪರಿಶೀಲಿಸಲು ಬಂದಿದ್ದ ಹಿರಿಯ ತಾಂಡೇಲರು (ದೋಣಿ ನಡೆಸುವ ಮುಖ್ಯಸ್ಥರು) ಒಂದು ಗೆರೆಯ ಮೇಲೆ ಬೆರಳಿಟ್ಟು, "ರಾಟೆಯ ಹಿಂದೆ ಹೋದ ಈ ಹಗ್ಗ ಮತ್ತೆ ಹೊರಗೆ ಬರಲೇ ಇಲ್ಲವಲ್ಲ ಮಾರಾಯರೇ" ಎಂದರು. ಹಗ್ಗ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ನನಗೆ ತಿಳಿದೇ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಹಡಗು-ಚಿತ್ರಕಾರ ಎಡ್ವರ್ಡ್ ವಿಲಿಯಂ ಕುಕ್‌ನ ಎಚಿಂಗ್‌ಗಳನ್ನು (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಮೂಡಿಸಿ ಅಚ್ಚೊತ್ತಿದ ಚಿತ್ರಗಳನ್ನು) ನಾನು ಗಮನವಿಟ್ಟು ನೋಡತೊಡಗಿದ್ದು ಆಮೇಲೆ. ಅವನು ಹುಟ್ಟಿದ್ದು 1811ರಲ್ಲಿ, ಲಂಡನ್ನಿನಲ್ಲಿ. ಅವನ ತಂದೆ ಜಾರ್ಜ್ ಕುಕ್, ಹೆಸರಾಂತ ಇಂಗ್ಲಿಷ್ ಚಿತ್ರಕಾರ ಟರ್ನರನ ಚಿತ್ರಗಳನ್ನು ಲೋಹದ ತಗಡಿಗೆ ಇಳಿಸುತ್ತಿದ್ದ ಕೊರೆತಗಾರ. ಹಾಗಾಗಿ ಗೆರೆಯ ಶಿಸ್ತು ಮಗನಿಗೆ ಮನೆಯಲ್ಲೇ ದಕ್ಕಿತು. ಹಡಗಿನ ಅರಿವು ಬಂದದ್ದು ಬೇರೆ ದಾರಿಯಿಂದ. ಯೌವನದಲ್ಲಿ ನಾವಿಕನಾಗಿದ್ದು ಆಮೇಲೆ ಚಿತ್ರಕಾರನಾದ ಕ್ಲಾರ್ಕ್‌ಸನ್ ಸ್ಟ್ಯಾನ್‌ಫೀಲ್ಡ್‌ಗಾಗಿ ಹುಡುಗ ಕುಕ್ ಹಡಗಿನ ಬಿಡಿಭಾಗಗಳನ್ನು ಒಂದೊಂದಾಗಿ ಬರೆದುಕೊಡುತ್ತಿದ್ದ. ಹಡಗು ಮತ್ತು ದೋಣಿಗಳ ಐವತ್ತು ಎಚಿಂಗ್‌ಗಳ ಅವನ ಸಂಪುಟ 1829ರಲ್ಲಿ ಹೊರಬಂದಾಗ ಅವನಿಗೆ ಹದಿನೆಂಟರ ಪ್ರಾಯ.

ಕುಕ್ ಬರೆದ ಥೇಮ್ಸ್ ನದಿಯ ಹಾಯಿಯ ಸರಕು ದೋಣಿಗಳನ್ನೇ ನೋಡಿ. ಅವು ಚಪ್ಪಟೆ ತಳದವು. ಗಾಳಿ ಅಡ್ಡಕ್ಕೆ ಬೀಸಿದರೆ ಪಕ್ಕಕ್ಕೆ ಸರಿಯುತ್ತವೆ. ಅದನ್ನು ತಡೆಯಲು ಎರಡೂ ಪಕ್ಕಗಳಲ್ಲಿ ಒಂದೊಂದು ಅಗಲವಾದ ಹಲಗೆ ತೂಗುತ್ತಿರುತ್ತದೆ, ಗಾಳಿ ಬಂದು ತಾಗುವ ಪಕ್ಕದ್ದಲ್ಲ, ಅದರ ಆಚೆ ಪಕ್ಕದ ಹಲಗೆಯನ್ನು ನೀರಿಗಿಳಿಸುತ್ತಾರೆ. ಇದನ್ನರಿಯದವನು ಯಾವ ಹಲಗೆಯನ್ನಾದರೂ ಇಳಿಸಿ ಬರೆದಾನು, ಚಿತ್ರ ಅಂದವಾಗಿಯೂ ಕಂಡೀತು, ದೋಣಿ ಮಾತ್ರ ಸಾಗದು. ಎಚಿಂಗ್‌ನಲ್ಲಿ ಇದು ಇನ್ನೂ ಕಷ್ಟ: ತಗಡಿನ ಮೇಣದ ಲೇಪವನ್ನು ಸೂಜಿಯಿಂದ ಗೀರಿ, ಗೀರಿದಲ್ಲಿ ಆಮ್ಲ ಲೋಹವನ್ನು ತಿನ್ನುವಂತೆ ಮಾಡಿ, ಆ ತೋಡಿನಲ್ಲಿ ನಿಂತ ಶಾಯಿಯನ್ನು ಕಾಗದಕ್ಕೆ ಒತ್ತಿದಾಗ ಎಡಕ್ಕಿದ್ದದ್ದು ಬಲಕ್ಕೆ ಬರುತ್ತದೆ.

1833ರಲ್ಲಿ ತೈಲವರ್ಣಕ್ಕೆ ಹೊರಳಿದ ಕುಕ್ 1837ರಿಂದ ಹಾಲೆಂಡಿಗೆ ಮತ್ತೆ ಮತ್ತೆ ಹೋದ. ಆಗಿನ್ನೂ ಬಂದರಿಲ್ಲದ ಅಲ್ಲಿನ ಕಡಲತಡಿಯ ಊರು ಸ್ಖೆವೆನಿಂಗನ್‌ನಲ್ಲಿ ಮೀನುದೋಣಿಗಳನ್ನು ಮರಳಿನ ದಡಕ್ಕೇ ತರುತ್ತಿದ್ದರು, ಅದಕ್ಕೆಂದೇ ಅವುಗಳ ತಳ ಚಪ್ಪಟೆ. ಅವನ ವರ್ಣಚಿತ್ರಗಳಲ್ಲಿ ಕೆಲವಕ್ಕೆ ಜೀವ ಸಾಲದೆಂದು ನನಗೆ ಅನ್ನಿಸುತ್ತದೆ, ಆದರೆ ಎಚಿಂಗ್‌ಗಳ ವಿಷಯದಲ್ಲಿ ಹಾಗೆ ಅನ್ನಿಸಿದ್ದಿಲ್ಲ. 1863ರಲ್ಲಿ ಕಲಾವಿದರ ರಾಯಲ್ ಅಕಾಡೆಮಿಯೂ ವಿಜ್ಞಾನಿಗಳ ರಾಯಲ್ ಸೊಸೈಟಿಯೂ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡವು. 1880ರಲ್ಲಿ ಅವನು ತೀರಿಕೊಂಡ.

ಆ ವಿಂಚಿನ ಚಿತ್ರವನ್ನು ಹೊಸದಾಗಿ ಬರೆಯುವ ಮೊದಲು ನಾನು ದೋಣಿಗಳು ನಿಲ್ಲುವ ದಕ್ಕೆಗೆ ಹೋದೆ. ತಾಂಡೇಲರು ವಿಂಚನ್ನು ನಿಲ್ಲಿಸಿಕೊಟ್ಟರು. ಡ್ರಮ್ಮಿನಿಂದ ಹೊರಟ ಹಗ್ಗವನ್ನು ಕೈಯಲ್ಲಿ ಹಿಡಿದು, ರಾಟೆ ದಾಟಿ, ಬಲೆಯ ಬಾಯಗಲಿಸುವ ಹಲಗೆಯ ಕೊಂಡಿಯವರೆಗೂ ನಡೆದು ನೋಡಿ, ಆಮೇಲೆ ಪೆನ್ಸಿಲ್ ತೆಗೆದೆ.