ಗರ್ಭಕೋಶ ಜಾರಿದರೆ ತೆಗೆಸುವುದೊಂದೇ ದಾರಿಯಲ್ಲ

ಸಿಂಧನೂರು, ಮಾನ್ವಿ ಕಡೆ ಭತ್ತದ ನಾಟಿಗೆ, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಗರ್ಭಚೀಲ ಕೆಳಗಿಳಿದಿದೆ ಎಂಬುದನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಎಷ್ಟೋ ವರ್ಷಗಳು ಕಳೆದಿರುತ್ತವೆ. ನನ್ನ ಚಿಗವ್ವನೂ ಹಾಗೆಯೇ ಮುಚ್ಚಿಟ್ಟುಕೊಂಡಿದ್ದಳು. ಬೆಳಿಗ್ಗೆ ಹೊರಬಂದ ಭಾಗವನ್ನು ಕೈಯಿಂದ ಒಳಕ್ಕೆ ತಳ್ಳಿ, ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಕಟ್ಟಿಕೊಂಡು, ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿ ದುಡಿಯುತ್ತಿದ್ದಳು. ಕೇಳಿದರೆ, "ಇದನ್ನ ಯಾರ ಮುಂದ ಹೇಳಲವ್ವಾ" ಎನ್ನುತ್ತಿದ್ದಳು.

ಗರ್ಭಕೋಶವನ್ನು ಹಿಡಿದಿಡುವ ಕಟ್ಟುಗಳು ಮತ್ತು ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲವಾದಾಗ ಅದು ಯೋನಿಯೊಳಕ್ಕೆ ಜಾರುತ್ತದೆ. ಹಲವು ಹೆರಿಗೆ, ಬಹಳ ಹೊತ್ತು ಎಳೆದ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ಭಾರ ಹೊರುವುದು, ವಾಸಿಯಾಗದ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ಮೇಲೆ ಕುಗ್ಗುವ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಇವೆಲ್ಲ ಅದಕ್ಕೆ ಕಾರಣ. ಸಂಜೆಗೆ ಹೆಚ್ಚಾಗಿ, ಮಲಗಿದರೆ ಕಡಿಮೆಯಾಗುವ ಜಗ್ಗಿದಂಥ ಭಾರ ಇದರ ಗುರುತು.

ನನಗೆ ಸಂಕಟವಾಗುವುದು "ತೆಗೆಸಿಬಿಡಿ" ಎಂಬ ಸಲಹೆ ಸಿಗುವ ವೇಗವನ್ನು ಕಂಡಾಗ. ಸಡಿಲಗೊಂಡ ಆಧಾರವನ್ನು ಬಿಗಿಗೊಳಿಸದೆ ಗರ್ಭಕೋಶವನ್ನಷ್ಟೇ ತೆಗೆದರೆ ಯೋನಿಯ ಮೇಲ್ಭಾಗವೇ ಮುಂದೆ ಜಾರಬಹುದು. ಜೊತೆಗೆ ಅಂಡಾಶಯಗಳನ್ನೂ ಮುಟ್ಟು ನಿಲ್ಲುವ ಮೊದಲೇ ತೆಗೆದರೆ ಮೂಳೆಗಳು ಬೇಗ ಸವೆಯುತ್ತವೆ. ಶಸ್ತ್ರಚಿಕಿತ್ಸೆ ಬೇಕಾದವರಿಗೂ ಗರ್ಭಕೋಶವನ್ನು ಉಳಿಸಿಕೊಂಡು ಮೇಲಕ್ಕೆ ಕಟ್ಟುವ ವಿಧಾನಗಳಿವೆ. ಆದ್ದರಿಂದ ಸಹಿ ಹಾಕುವ ಮೊದಲು ಏನು ತೆಗೆಯುತ್ತೀರಿ, ಏನು ಉಳಿಸುತ್ತೀರಿ ಎಂದು ಕೇಳುವುದು ಹೆಣ್ಣಿನ ಹಕ್ಕು.

ಆರಂಭದ ಹಂತದಲ್ಲಿ ಕೀಗಲ್ ವ್ಯಾಯಾಮ ಬಹಳಷ್ಟು ನೆರವಾಗುತ್ತದೆ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ, ಉಸಿರು ಕಟ್ಟದೆ, 5ರಿಂದ 10 ಸೆಕೆಂಡು ಬಿಗಿಹಿಡಿದು ಅಷ್ಟೇ ಹೊತ್ತು ಸಡಿಲಬಿಡಬೇಕು; ಒಂದು ಸಲಕ್ಕೆ 10ರಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಚಿಗವ್ವನಿಗೆ ಅದಷ್ಟೇ ಸಾಲದೆ ವೈದ್ಯರು ಪೆಸರಿ ಹಾಕಿದರು. ಅದು ಬಳೆಯಂತೆ ದುಂಡಗಿರುವ, ಮಡಚಿ ಒಳಗಿಟ್ಟರೆ ತಾನಾಗಿ ಅರಳಿ ಗರ್ಭಕೋಶವನ್ನು ಎತ್ತಿಹಿಡಿಯುವ ಮೆತ್ತನೆಯ ಸಿಲಿಕೋನ್ ಉಂಗುರ. ಅಳತೆ ಸರಿಯಿದ್ದರೆ ಒಳಗಿರುವುದೇ ಗೊತ್ತಾಗುವುದಿಲ್ಲ. ತೆಗೆದು ತೊಳೆದು ಮತ್ತೆ ಹಾಕಿಕೊಳ್ಳುವುದನ್ನು ಕಲಿಯಬಹುದು, ಆದರೆ ಕೆಲವು ತಿಂಗಳಿಗೊಮ್ಮೆ ತಪಾಸಣೆ ಬೇಕೇ ಬೇಕು.

ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗವಿದೆ. ಒಬ್ಬರೇ ಹೋಗಲು ಅಂಜಿಕೆಯಾದರೆ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ. ಮೂತ್ರ ಕಟ್ಟಿಕೊಂಡರೆ, ಹೊರಬಂದ ಭಾಗದಲ್ಲಿ ಹುಣ್ಣಾಗಿ ರಕ್ತ ಒಸರಿದರೆ, ಅಥವಾ ಒಳಕ್ಕೆ ತಳ್ಳಿದರೂ ಅದು ಹೋಗದಿದ್ದರೆ ನಾಟಿ ಮುಗಿಯಲಿ ಎಂದು ಕಾಯದೆ ಅಂದೇ ಹೊರಡಿ.